ಮೂತಿಯಿಲ್ಲದ ದೋಣಿ

ಕಬಿನಿ ಹಿನ್ನೀರಿನ ಹರಿಗೋಲಿಗೆ ಮುಂದು ಯಾವುದು, ಹಿಂದು ಯಾವುದು? ಎರಡೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಓಡುವ ಲೇಸರ್ (ಈಗಿನ ಹೆಸರು ಐಎಲ್‌ಸಿಎ) ಹಾಯಿದೋಣಿಗೆ 4.2 ಮೀಟರ್ ಉದ್ದ, ಚೂಪು ಮೂತಿ, ಚುಕ್ಕಾಣಿ, ಗಾಳಿಗೆ ಪಕ್ಕಕ್ಕೆ ಸರಿಯದಂತೆ ನೀರಿಗೆ ಇಳಿಬಿಟ್ಟ ಹಲಗೆ. ಪಂದ್ಯದಲ್ಲಿ ಎಲ್ಲರದೂ ಒಂದೇ ಅಳತೆ. ಹರಿಗೋಲೋ, ಬಿದಿರು ಸೀಳಿ ಹೆಣೆದ ಅಗಲ ಬುಟ್ಟಿ. ಹೊರಮೈಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಟಾರು.

ಹುಟ್ಟನ್ನು ಪಕ್ಕದಲ್ಲಿ ಹಾಕಿದಿರೋ, ಗಿರಗಿರ ತಿರುಗುತ್ತದೆ, ಅಷ್ಟೇ. ಅದಕ್ಕೇ ಅಂಬಿಗ ಹೋಗಬೇಕಾದ ಕಡೆಗೆ ಮುಖ ಮಾಡಿ, ಹುಟ್ಟನ್ನು ಮುಂದೆ ಚಾಚಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಹಾಯಿಗೆ ಗಾಳಿ ಹಿಡಿಯುವುದಕ್ಕಿಂತ ಇದೇನೂ ಕಡಿಮೆ ಕಸುಬಲ್ಲ. ತಳ ಚಪ್ಪಟೆ, ಗೇಣು ನೀರಿದ್ದರೂ ತೇಲೀತು. ಮುಳುಗಿ ನಿಂತ ಮರದ ಬೊಡ್ಡೆಗಳ ನಡುವೆ ನುಸುಳಲು ಇದೇ ಲೇಸು. ಕೆಲಸ ಮುಗಿದರೆ ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆಯಬಹುದು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಂಥವು ಹದಿನೈದು ಇಪ್ಪತ್ತು ಜನರನ್ನು, ಕುದುರೆ ಎತ್ತುಗಳನ್ನೂ ಹೊಳೆ ದಾಟಿಸುತ್ತಿದ್ದುದನ್ನು ಬರೆದಿದ್ದಾನೆ. ಎಚ್.ಡಿ. ಕೋಟೆಯ ಕಾರಾಪುರದಲ್ಲಿ ಈಗ ಪ್ರವಾಸಿಗರು ಲೈಫ್ ಜಾಕೆಟ್ ಕಟ್ಟಿಕೊಂಡು ಏರುತ್ತಾರೆ. ಪ್ರವಾಸಿಗರಿಗೆ ಹರಿಗೋಲು ಬುಗುರಿಯಂತೆ ತಿರುಗಿದರೆ ಖುಷಿ; ನನಗೆ ಅದು ನೆಟ್ಟಗೆ ಹೋಗುವುದೇ ಚಂದ.