ಹೆಸರಘಟ್ಟದ ನೃತ್ಯಗ್ರಾಮ

ಲಕ್ಷಣಗ್ರಂಥಗಳನ್ನು ಓದಿದವರು ನೂತನ ಕೃತಿಯೊಂದನ್ನು ಕಂಡಾಗ ಮೊದಲು ಕೇಳುವುದು, ಇದು ಶಾಸ್ತ್ರಸಮ್ಮತವೇ ಎಂದು. ಹೊಸಗಾಲದ ಪ್ರೇಕ್ಷಕರು ಕೇಳುವುದು, ಇದರಲ್ಲಿ ಹೊಸತೇನು ಎಂದು. ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡಬಲ್ಲ ನೃತ್ಯಮಂಡಲಿಗಳು ವಿರಳ. ಅಂತಹುದೊಂದು ಬೆಂಗಳೂರಿಗೆ ಸುಮಾರು 30 ಕಿಲೋಮೀಟರು ದೂರದ ಹೆಸರಘಟ್ಟದ ಬಳಿ ಬೆಳೆದಿರುವುದನ್ನು ನಮ್ಮ ಜಿಲ್ಲೆಗಳ ರಸಿಕರಲ್ಲಿ ಅನೇಕರು ಅರಿಯರು.

ಪ್ರತಿಮಾ ಗೌರಿ ಬೇಡಿಯವರು 1990ರಲ್ಲಿ ಸ್ಥಾಪಿಸಿದ ‘ನೃತ್ಯಗ್ರಾಮ’ದಲ್ಲಿ ವಿದ್ಯಾರ್ಥಿಗಳು ಅಲ್ಲಿಯೇ ವಾಸವಾಗಿದ್ದು ಗುರುಕುಲದ ಕ್ರಮದಲ್ಲಿ ಒಡಿಸ್ಸಿಯನ್ನು ಅಭ್ಯಸಿಸುವರು. ಸುತ್ತಣ ಹಳ್ಳಿಗಳ ಮಕ್ಕಳಿಗೂ ಪಾಠವುಂಟು. ಹಾಗೆ ಬಂದ ಪವಿತ್ರಾ ರೆಡ್ಡಿಯವರು ಮಂಡಲಿಯ ಪ್ರಮುಖ ನರ್ತಕಿಯರಲ್ಲಿ ಒಬ್ಬರಾದರು. ಸ್ಥಾಪಕಿಯು 1998ರಲ್ಲಿ ಕೈಲಾಸಯಾತ್ರೆಯ ಮಾರ್ಗದಲ್ಲಿ ಭೂಕುಸಿತಕ್ಕೆ ಸಿಕ್ಕಿ ಗತಿಸಿದರು. ಒಬ್ಬರನ್ನೇ ನೆಚ್ಚಿದ ಸಂಸ್ಥೆಯಾಗಿದ್ದರೆ ಅಂದೇ ಮುಗಿಯುತ್ತಿತ್ತು. ಸುರೂಪಾ ಸೇನ್ ಅವರ ನಿರ್ದೇಶನದಲ್ಲಿ ಅದು ಮುಂದುವರಿದು, ತನ್ನದೇ ಆದ ರಚನಾಶೈಲಿಯನ್ನೂ ಪಡೆಯಿತು.

ಆ ಶೈಲಿಯ ವಿಶೇಷವೇನು? ರಂಗದ ಮೇಲಿನ ಒಡಿಸ್ಸಿಯು ಬಹುಮಟ್ಟಿಗೆ ಒಬ್ಬರೇ ಆಡುವ ನೃತ್ಯ. ಚೌಕದ ಸ್ಥೈರ್ಯವೂ ತ್ರಿಭಂಗಿಯ ಲಾಲಿತ್ಯವೂ ಒಂದೇ ದೇಹದಲ್ಲಿ ಕೂಡುವುವು. ಸೇನ್ ಅವರು ಅವನ್ನು ಹಲವು ದೇಹಗಳಿಗೆ ಹಂಚಿ, ನರ್ತಕಿಯರ ನಡುವಣ ತೆರವನ್ನೂ ನೃತ್ಯದ ಅಂಗವನ್ನಾಗಿ ಮಾಡಿರುವರು. ಶ್ರೀಲಂಕೆಯ ಚಿತ್ರಸೇನ ಮಂಡಲಿಯೊಡನೆ 2012ರಲ್ಲಿ ಪ್ರದರ್ಶಿಸಿದ ‘ಸಂಹಾರ’ವು ಇದಕ್ಕೆ ನಿದರ್ಶನ. ಈ ಶಬ್ದಕ್ಕೆ ನಾಶವೆಂಬುದಲ್ಲದೆ ಒಂದುಗೂಡಿಸುವುದು, ಹೆಣೆಯುವುದು ಎಂಬ ಅರ್ಥವೂ ಉಂಟೆಂದು ಭಟ್ಟನಾರಾಯಣನ ‘ವೇಣೀಸಂಹಾರ’ವನ್ನು ಓದಿದವರು ಬಲ್ಲರು. ಕ್ಯಾಂಡಿಯ ನೃತ್ಯದಲ್ಲಿ ಬೆನ್ನು ನೆಟ್ಟಗಿದ್ದು ಕಾಲುಗಳ ಬಲವೇ ಪ್ರಧಾನ. ಒಡಿಸ್ಸಿಯಲ್ಲಿ ಎದೆಯ ಭಾಗವೇ ಪಕ್ಕಕ್ಕೆ ಓಲಾಡುವುದು. ಇಲ್ಲಿ ಒಂದು ಮತ್ತೊಂದನ್ನು ಅನುಕರಿಸದು. ಎರಡೂ ತಮ್ಮ ಧರ್ಮವನ್ನು ಉಳಿಸಿಕೊಂಡೇ ಜಡೆಯ ಎಳೆಗಳಂತೆ ಹೆಣೆದುಕೊಳ್ಳುವುವು.

ಆಕ್ಷೇಪಕ್ಕೂ ಎಡೆಯುಂಟು. ಸಮೂಹರಚನೆಯಲ್ಲಿ ನೃತ್ತದ ಸೊಬಗು ಹೆಚ್ಚಿದಂತೆ ಅಭಿನಯವು ಹಿಂದೆ ಸರಿಯುವುದು. ಕಣ್ಣು ಆಕೃತಿಯಿಂದ ಆಕೃತಿಗೆ ಓಡುತ್ತಿರುವಾಗ ಸ್ಥಾಯಿಭಾವವು ರಸವಾಗಿ ಪರಿಣಮಿಸಲು ಅವಕಾಶವೆಲ್ಲಿ? ಗೀತಗೋವಿಂದವನ್ನು ಆಧರಿಸಿ ಸೇನ್ ಮತ್ತು ಬಿಜಯಿನಿ ಸತ್ಪತಿಯವರು ಜೊತೆಯಾಗಿ ಆಡಿದ ಪ್ರಯೋಗದೊಡನೆ ಹೋಲಿಸಿದರೆ ಈ ನ್ಯೂನತೆಯು ತಿಳಿಯುವುದು. ಅಲ್ಲಿ ಭಾವಕ್ಕೆ ನಿಲ್ಲಲು ಹೊತ್ತಿದೆ. ಸತ್ಪತಿಯವರು 2018ರಲ್ಲಿ ಮಂಡಲಿಯಿಂದ ಹೊರಬಂದರು. ಚಿಕ್ಕ ಮಂಡಲಿಯಲ್ಲಿ ಒಬ್ಬರ ತೆರವೂ ದೊಡ್ಡದು. ಮುಂದಿನವರು ಅಂಗಶುದ್ಧಿಯೊಡನೆ ಅಭಿನಯವನ್ನೂ ಅಷ್ಟೇ ಆಳವಾಗಿ ಸಾಧಿಸುವರೇ ಎಂಬುದರ ಮೇಲೆ ಈ ಶೈಲಿಯ ಭವಿಷ್ಯವು ನಿಂತಿದೆ.

ಹಳೆಯದನ್ನು ತೊರೆದಲ್ಲದೆ ಹೊಸತು ಹುಟ್ಟದೆಂಬ ವಾದಕ್ಕಂತೂ ನೃತ್ಯಗ್ರಾಮವು ಸಾಕಷ್ಟು ಉತ್ತರವನ್ನಿತ್ತಿದೆ. ನ್ಯೂಯಾರ್ಕಿನ ಪ್ರೇಕ್ಷಕರು ಇವರನ್ನು ಮರಳಿ ಮರಳಿ ಬರಮಾಡಿಕೊಂಡಿರುವರು. ಕಲೆಯ ಹೆಸರಿನಲ್ಲಿ ಹಣವೆತ್ತುವ ನಮ್ಮ ಜಿಲ್ಲಾ ಸಂಘಗಳು ಒಂದು ವರ್ಷ ಸನ್ಮಾನಗಳನ್ನು ಕಡಮೆ ಮಾಡಿ ಇಂತಹ ಮಂಡಲಿಯನ್ನು ಆಹ್ವಾನಿಸಿದರೆ ಆ ಹಣವು ಸಾರ್ಥಕವಾದೀತು.