ಪುಣೆಯ ವಾಡೆಗಳು ಮತ್ತು ಅಗ್ನಿಶಾಮಕ ಠಾಣೆಯ ವಾಸ್ತು

ನಗರವಾಸ್ತುವಿನ ಚರಿತ್ರೆಯಲ್ಲಿ ಕೋಟೆ, ಅರಮನೆ, ದೇಗುಲಗಳಿಗೆ ದೊರೆತಿರುವ ಗಮನ ಅಗ್ನಿಶಾಮಕ ಠಾಣೆಗೆ ದೊರೆತಿಲ್ಲ. ಅದನ್ನು ಕೇವಲ ಉಪಯುಕ್ತ ಕಟ್ಟಡವೆಂದು ಬದಿಗಿರಿಸುವುದು ವಿದ್ವಾಂಸರ ರೂಢಿ. ಈ ರೂಢಿ ಎಷ್ಟು ಸಮಂಜಸವೆಂಬುದನ್ನು ಪುಣೆಯ ನಿದರ್ಶನದಿಂದ ಪರಿಶೀಲಿಸಬಹುದು.

ಒಂದನೆಯ ಬಾಜೀರಾಯನು 1730ರಲ್ಲಿ ಶನಿವಾರವಾಡೆಗೆ ಅಸ್ತಿಭಾರ ಹಾಕಿಸಿದನು, 1732ರಲ್ಲಿ ಗೃಹಪ್ರವೇಶವಾಯಿತು. ಆನೆಗಳು ಢಿಕ್ಕಿ ಹೊಡೆಯದಂತೆ ಅದರ ದಿಲ್ಲಿ ದರವಾಜೆಯ ಕದಗಳಿಗೆ ಉಕ್ಕಿನ ಮೊಳೆಗಳನ್ನು ಜಡಿಯಲಾಗಿದೆ. ಆದರೆ ಪೇಶ್ವೆಯ ಆಳ್ವಿಕೆ ಮುಗಿದು ಹತ್ತು ವರ್ಷಗಳಾದ ಮೇಲೆ, 1828ರ ಫೆಬ್ರವರಿಯಲ್ಲಿ, ವಾಡೆಯನ್ನು ಕಬಳಿಸಿದುದು ಒಳಗೆ ಹುಟ್ಟಿದ ಬೆಂಕಿ. ತೇಗದ ಕಂಬ, ತೊಲೆ, ಮಾಳಿಗೆಗಳು ಬೂದಿಯಾದವು. ಕೋಟೆಗೋಡೆ, ಬಾಗಿಲು, ಕಲ್ಲಿನ ತಳಪಾಯಗಳು ಉಳಿದವು. 1879ರಲ್ಲಿ ಬುಧವಾರವಾಡೆ ಸುಟ್ಟುಹೋಯಿತು. ವಿಶ್ರಾಮಬಾಗ್ ವಾಡೆಯ ಒಂದು ಭಾಗವೂ ಬೆಂಕಿಗೆ ತುತ್ತಾಯಿತು.

ಹಂಪೆಯ ಅರಮನೆಯ ಆವರಣವನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ. ಅಲ್ಲಿಯೂ ಜಗಲಿಗಳಿವೆ, ಮರದ ಮೇಲ್ಕಟ್ಟಡಗಳಿಲ್ಲ. ಉಳಿದ ಕಲ್ಲನ್ನಷ್ಟೇ ವರ್ಣಿಸುವ ವಿಮರ್ಶೆ ಕಟ್ಟಡದ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ.

ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಕಾತ್ರಜದ ಕೆರೆಯಿಂದ ನೆಲದೊಳಗಿನ ಕಾಲುವೆಯ ಮೂಲಕ ನಗರದ ತೊಟ್ಟಿಗಳಿಗೆ ನೀರು ಬಂದಿತ್ತು. ಅಂದರೆ ನೀರಿನ ವ್ಯವಸ್ಥೆ ಇದ್ದಿತು. ಉರಿಯುವ ಮಾಳಿಗೆಯವರೆಗೆ ಅದನ್ನು ಕ್ಷಿಪ್ರವಾಗಿ ಒಯ್ಯುವ ಸಾಧನ, ಸಿಬ್ಬಂದಿಗಳಿಗೆ ನೆಲೆಯಾಗುವ ಕಟ್ಟಡಪ್ರಕಾರ ಇನ್ನೂ ರೂಪುಗೊಳ್ಳಬೇಕಿತ್ತು. ಆಧುನಿಕ ಅಗ್ನಿಶಾಮಕ ಠಾಣೆ ಈ ಕೊರತೆಗೆ ಒದಗಿದ ಉತ್ತರ. ರಸ್ತೆಗೆ ನೇರವಾಗಿ ತೆರೆಯುವ ಅಗಲವಾದ ಬಾಗಿಲು, ಬಾಗಿಲ ಹಿಂದೆಯೇ ಸಜ್ಜಾಗಿ ನಿಂತ ವಾಹನ, ಪಕ್ಕದಲ್ಲಿ ಸಿಬ್ಬಂದಿಯ ವಸತಿ, ಹಳೆಯ ಠಾಣೆಗಳಲ್ಲಿ ಒದ್ದೆ ಕೊಳವೆಗಳನ್ನು ಒಣಗಿಸುವ ಗೋಪುರ: ಇಲ್ಲಿನ ಪ್ರತಿಯೊಂದು ಅಂಗವನ್ನೂ ನಿರ್ಧರಿಸಿರುವುದು ಕಾಲ. ದಿಲ್ಲಿ ದರವಾಜೆ ಹೊರಗಿನವರನ್ನು ತಡೆಯಲು ಹುಟ್ಟಿದ ಬಾಗಿಲು. ಠಾಣೆಯದು ಒಳಗಿನವರನ್ನು ತಡವಿಲ್ಲದೆ ಹೊರಗೆ ಕಳುಹಿಸುವ ಬಾಗಿಲು. ಮಹಾಭಾರತದ ಅರಗಿನ ಮನೆಯಲ್ಲಿ ಪಾಂಡವರನ್ನು ಉಳಿಸಿದುದು ಸುರಂಗ, ಅಂದರೆ ಹೊರದಾರಿ, ಎಂಬುದು ಇಲ್ಲಿ ಸ್ಮರಣೀಯ.

ಪುಣೆಯ ಹಳೆಯ ಪೇಟೆಗಳ ಇಕ್ಕಟ್ಟಾದ ಓಣಿಗಳಲ್ಲಿ ಮರದ ವಾಡೆಗಳು ಇಂದಿಗೂ ಇವೆ. ಅವುಗಳ ರಕ್ಷಣೆಯ ಚರ್ಚೆಯಲ್ಲಿ ಠಾಣೆಯ ದೂರ, ಓಣಿಯ ಅಗಲ, ನೀರಿನ ಆಕರಗಳೂ ವಾಸ್ತುವಿನ ಪ್ರಶ್ನೆಗಳೇ. ವಾಹನಗಳು ದೊಡ್ಡವಾದಂತೆ ಹಳೆಯ ಠಾಣೆಗಳ ಬಾಗಿಲು ಕಿರಿದಾಗುತ್ತದೆ. ಅವನ್ನು ಕೆಡವುವ ಸಂದರ್ಭ ಬಂದಾಗ ಮೊದಲು ನಕ್ಷೆ, ಛಾಯಾಚಿತ್ರಗಳನ್ನಾದರೂ ತೆಗೆದಿಡುವುದು ಅಗತ್ಯ. ವಾಡೆಗಳ ವಿಷಯದಲ್ಲಿ ಕಳೆದುಹೋದುದರ ಪ್ರಮಾಣವನ್ನು ಅರಿತವರು ಈ ಕಾರ್ಯವನ್ನು ಅಲ್ಪವೆಂದು ತಿಳಿಯಲಾರರು.