ನಾಲ್ಕು ಜೋಡಿ ಅವಳಿಗಳ ಸಾಕ್ಷ್ಯ

ಕರುಳಿನ ಸೂಕ್ಷ್ಮಾಣು ಸಮುದಾಯವನ್ನು ಕುರಿತ ವೈಜ್ಞಾನಿಕ ಸಾಹಿತ್ಯದಲ್ಲಿ, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗೋರ್ಡನ್ ಅವರ ಪ್ರಯೋಗಾಲಯದಿಂದ 2013ರಲ್ಲಿ ‘ಸೈನ್ಸ್’ ಪತ್ರಿಕೆಗೆ ಬಂದ ಪ್ರಬಂಧಕ್ಕೆ ದೊರೆತಷ್ಟು ಮನ್ನಣೆ ಕೆಲವೇ ಕೃತಿಗಳಿಗೆ ದೊರೆತಿದೆ. ಒಬ್ಬಾಕೆ ಸ್ಥೂಲಕಾಯಳೂ ಇನ್ನೊಬ್ಬಾಕೆ ತೆಳುದೇಹದವಳೂ ಆಗಿದ್ದ ನಾಲ್ಕು ಜೋಡಿ ಅವಳಿ ಸಹೋದರಿಯರ ಮಲದಲ್ಲಿದ್ದ ಸೂಕ್ಷ್ಮಾಣುಗಳನ್ನು, ಹುಟ್ಟಿನಿಂದ ಯಾವ ಸೂಕ್ಷ್ಮಾಣುವಿನ ಸಂಪರ್ಕವೂ ಇಲ್ಲದಂತೆ ಬೆಳೆಸಿದ ಇಲಿಗಳ ಕರುಳಿಗೆ ಸೇರಿಸಿದಾಗ, ಸ್ಥೂಲಕಾಯದ ಸಹೋದರಿಯರ ಪಾಲನ್ನು ಪಡೆದ ಇಲಿಗಳಲ್ಲಿ ಹೆಚ್ಚು ಕೊಬ್ಬು ಶೇಖರವಾಯಿತೆಂಬುದು ಅದರ ಮುಖ್ಯ ಫಲಿತಾಂಶ. ಮನುಷ್ಯರ ಬೊಜ್ಜಿಗೆ ಕರುಳಿನ ಸೂಕ್ಷ್ಮಾಣುಗಳೇ ಕಾರಣವೆಂಬ ವಾದಕ್ಕೆ ಇದನ್ನು ಆಧಾರವಾಗಿ ಮುಂದಿಡುವ ರೂಢಿ ಬೆಳೆದಿದೆ. ಆ ಭಾರವನ್ನು ಈ ಪ್ರಬಂಧ ಹೊರಲಾರದು.

ಅದರ ಅತ್ಯಂತ ಪ್ರಶಂಸಿತ ಭಾಗವನ್ನೇ ಪರಿಶೀಲಿಸಬಹುದು. ಇಲಿಗಳು ಪರಸ್ಪರರ ಹಿಕ್ಕೆಯನ್ನು ತಿನ್ನುವುದರಿಂದ ಒಂದೇ ಪಂಜರದೊಳಗೆ ಸೂಕ್ಷ್ಮಾಣುಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಹೀಗೆ ಎರಡೂ ಬಗೆಯ ಇಲಿಗಳನ್ನು ಒಟ್ಟಿಗೆ ಇರಿಸಿದಾಗ, ಸ್ಥೂಲಕಾಯದ ದಾನಿಯ ಸೂಕ್ಷ್ಮಾಣುಗಳಿದ್ದ ಇಲಿಗಳಲ್ಲೂ ಕೊಬ್ಬು ಹೆಚ್ಚುವುದು ತಪ್ಪಿತು. ಆದರೆ ಹಣ್ಣು ತರಕಾರಿ ಹೆಚ್ಚಾಗಿ, ಕೊಬ್ಬು ಕಡಿಮೆಯಾಗಿ ಇದ್ದ ಆಹಾರದಲ್ಲಿ ದೊರೆತ ಈ ರಕ್ಷಣೆ, ಅದಕ್ಕೆ ವಿರುದ್ಧವಾದ ಆಹಾರದಲ್ಲಿ ದೊರೆಯಲಿಲ್ಲ. ಲೇಖಕರು ಸ್ಪಷ್ಟವಾಗಿ ಹೇಳಿದ ಈ ಅಂಶವನ್ನು ಅವರನ್ನು ಉಲ್ಲೇಖಿಸುವವರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಇನ್ನೂ ಗಂಭೀರವಾದ ತೊಡಕೆಂದರೆ, ಪ್ರಯೋಗಕ್ಕೆ ಸೊಗಸು ತಂದ ಹಿಕ್ಕೆ ತಿನ್ನುವ ಸ್ವಭಾವವೇ ಒಂದು ಪಂಜರದ ಇಲಿಗಳನ್ನು ಪ್ರತ್ಯೇಕ ಘಟಕಗಳೆಂದು ಎಣಿಸಲು ಅಡ್ಡಿಯಾಗುತ್ತದೆ. ಒಬ್ಬ ದಾನಿಯ ಸೂಕ್ಷ್ಮಾಣುಗಳನ್ನು ಹತ್ತು ಇಲಿಗಳಿಗೆ ಕೊಟ್ಟರೆ ಹತ್ತು ಮನುಷ್ಯರ ಸಾಕ್ಷ್ಯ ದೊರೆಯುವುದಿಲ್ಲ. ಒಬ್ಬರ ಹೇಳಿಕೆಯನ್ನೇ ಹತ್ತು ಬಾರಿ ಬರೆದುಕೊಂಡಂತಾಗುತ್ತದೆ. ಇಲಿಗಳ ಸಂಖ್ಯೆ ಎಷ್ಟಿದ್ದರೂ ಮನುಷ್ಯರ ವಿಷಯದಲ್ಲಿ ಇಲ್ಲಿರುವುದು ನಾಲ್ಕು ಜೋಡಿಗಳ ಸಾಕ್ಷ್ಯ ಮಾತ್ರ.

ಯೆನ್ಸ್ ವಾಲ್ಟರ್ ಮತ್ತು ಸಂಗಡಿಗರು 2020ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಇಂಥ 38 ಅಧ್ಯಯನಗಳನ್ನು ಪರಿಶೀಲಿಸಿ, 36ರಲ್ಲಿ ಮನುಷ್ಯರ ರೋಗಲಕ್ಷಣ ಇಲಿಗಳಿಗೆ ವರ್ಗಾವಣೆಯಾಯಿತೆಂಬ ವರದಿಯಿದ್ದುದನ್ನು ಕಂಡು, ಇಷ್ಟು ಯಶಸ್ಸು ನಂಬಲರ್ಹವಲ್ಲವೆಂದು ವಾದಿಸಿದರು. ಇಂಥ ಪ್ರಯೋಗಗಳ ಉದ್ದೇಶ ಕಾರ್ಯವಿಧಾನವನ್ನು ತಿಳಿಯುವುದಾದ್ದರಿಂದ ದಾನಿಗಳ ಸಂಖ್ಯೆ ಮುಖ್ಯವಲ್ಲವೆಂಬ ಸಮರ್ಥನೆ ಅರ್ಧ ಮಾತ್ರ ಸರಿ. ಒಂದು ಸೂಕ್ಷ್ಮಾಣು ಕರುಳಿನಲ್ಲಿ ಏನು ಮಾಡಬಲ್ಲುದೆಂದು ತೋರಿಸಲು ಒಬ್ಬ ದಾನಿ ಸಾಕು. ಸ್ಥೂಲಕಾಯರೆಲ್ಲರಲ್ಲಿ ಅದು ಏನು ಮಾಡುತ್ತಿದೆಯೆಂದು ಹೇಳಲು ಸಾಲದು. ಸಮರ್ಥಕರು ಮೊದಲನೆಯದನ್ನು ಸಾಧಿಸಿ ಎರಡನೆಯದನ್ನು ಘೋಷಿಸುತ್ತಾರೆ. ಇಡೀ ಕ್ಷೇತ್ರವೇ ಪೊಳ್ಳೆಂದು ತಳ್ಳಿಹಾಕುವವರೂ ಅಷ್ಟೇ ಅವಸರದವರು.

ಆ ಅವಸರಕ್ಕೆ ಉತ್ತರ 2013ರಲ್ಲೇ ದೊರೆತಿತ್ತು. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಮರುಕಳಿಸುವ ಅತಿಸಾರಕ್ಕೆ ನೆದರ್ಲೆಂಡ್ಸ್‌ನಲ್ಲಿ ಆರೋಗ್ಯವಂತರ ಮಲವನ್ನು ಕಸಿ ಮಾಡಿದಾಗ 16 ರೋಗಿಗಳಲ್ಲಿ 15 ಮಂದಿ ಗುಣಮುಖರಾದರು. ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕವನ್ನು ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು 4. ಬೊಜ್ಜಿನ ವಿಷಯದಲ್ಲಿ ಹಾಗಾಗಲಿಲ್ಲ: 2020ರಲ್ಲಿ ವರದಿಯಾದ, ಸ್ಥೂಲಕಾಯದ 24 ವಯಸ್ಕರ ಪರೀಕ್ಷೆಯಲ್ಲಿ, ತೆಳುದೇಹದ ದಾನಿಗಳ ಮಲದ ಕ್ಯಾಪ್ಸೂಲ್ ನುಂಗಿದವರಿಗೂ ಔಷಧವಿಲ್ಲದ ಹುಸಿ ಕ್ಯಾಪ್ಸೂಲ್ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಗೋರ್ಡನ್ ಬಳಗದ ಪ್ರಬಂಧ ಇಲಿಯ ಶರೀರಕ್ರಿಯೆಯ ಉತ್ತಮ ಅಧ್ಯಯನವಾಗಿ ಉಳಿಯುತ್ತದೆ. ಮನುಷ್ಯನ ಬೊಜ್ಜಿನ ಕಾರಣವನ್ನು ಅದು ಸಾಬೀತುಪಡಿಸಿಲ್ಲ.